ಒಡೆಯುವ ಹೊತ್ತು

(ಮೂಡಿಗೆರೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಉಪನ್ಯಾಸಕ್ಕೆ ಕರೆದಾಗ ವಿಷಯ ಏನು ಸಾರ್ ಎಂದು ಕೇಳಿದರು. ‘ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್’ ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಕಾಫಿಗೆ ಏನಾದರೂ ಸಂಬಂಧ ಉಂಟಾ?’ ಎಂಬ ಪ್ರಶ್ನೆ ಬಂತು. ಉಂಟು ಎಂದುಬಿಟ್ಟೆ. ಹಾಗೆ ಅಂದ ತಪ್ಪಿಗೆ ಈಗ ಕಾಫಿಯಿಂದಲೇ ಶುರು ಮಾಡಬೇಕು.

ಕಳಸದ ಆಚೆ ನಮ್ಮದೊಂದು ಸಣ್ಣ ತೋಟ. ಡಿಸೆಂಬರಿನಲ್ಲಿ ಅರೇಬಿಕಾ ಹಣ್ಣು ಕುಯ್ದು, ಸಂಜೆ ಅಳೆದು, ಪಲ್ಪರಿಗೆ ಹಾಕಿದರೆ ಸಿಪ್ಪೆ ಒಂದು ಕಡೆ, ಲೋಳೆ ಮೆತ್ತಿದ ಬೀಜ ಒಂದು ಕಡೆ. ಬೀಜ ಹೋಗಿ ತೊಟ್ಟಿಯಲ್ಲಿ ಕೂರುತ್ತದೆ. ಒಂದು ದಿನ, ಒಂದೂವರೆ ದಿನ. ಚಳಿ ಜಾಸ್ತಿಯಾದರೆ ಇನ್ನೂ ಸ್ವಲ್ಪ. ಆ ಲೋಳೆಯನ್ನು ಕರಗಿಸುವುದು ನಾವಲ್ಲ, ಬ್ಯಾಕ್ಟೀರಿಯಾ ಮತ್ತು ಯೀಸ್ಟ್. ಯಾವಾಗ ತೊಳೆಯಬೇಕು ಎನ್ನುವುದನ್ನು ಅಪ್ಪಯ್ಯ ಎಂದೂ ಗಡಿಯಾರ ನೋಡಿ ತೀರ್ಮಾನ ಮಾಡಿದವರಲ್ಲ. ತೊಟ್ಟಿಗೆ ಒಂದು ಕೋಲು ಚುಚ್ಚಿ ಎತ್ತುತ್ತಿದ್ದರು. ಕೋಲು ಹೋದ ಗುಳಿ ಮುಚ್ಚಿಕೊಳ್ಳದೆ ಹಾಗೇ ನಿಂತರೆ ಹೊತ್ತು ಹತ್ತಿರವಾಯಿತು ಎಂದು ಅರ್ಥ. ಆಮೇಲೆ ಒಂದು ಮುಷ್ಟಿ ಬೀಜ ಎತ್ತಿ ನೀರಲ್ಲಿ ತಿಕ್ಕುವುದು. ಬೀಜ ಬೆರಳ ಸಂದಿಯಲ್ಲಿ ಜಾರಬಾರದು. ಹೊಳೆಯ ಗರಸಿನ ಹಾಗೆ ಕೊರ ಕೊರ ಅನ್ನಬೇಕು. ಬೇಗ ತೊಳೆದರೆ ಲೋಳೆ ಉಳಿದು ಕಣದಲ್ಲಿ ಬೀಜ ಒಂದಕ್ಕೊಂದು ಅಂಟುತ್ತದೆ. ತಡವಾದರೆ ಹುಳಿ ನಾತ ಹಿಡಿಯುತ್ತದೆ, ಅದನ್ನು ರುಚಿ ನೋಡುವವರು ಒಂದೇ ಗುಟುಕಿಗೆ ಹಿಡಿದುಬಿಡುತ್ತಾರೆ. ನಡುರಾತ್ರಿ ಎದ್ದು ಲಾಟೀನು ಹಿಡಿದು ಪಲ್ಪರ್ ಮನೆಗೆ ಹೋಗುತ್ತಿದ್ದ ಅಪ್ಪಯ್ಯನನ್ನು ನೋಡಿ, ಇಷ್ಟು ಬೀಜಕ್ಕೆ ಇಷ್ಟು ಒದ್ದಾಟವೇ ಎಂದು ನಗುತ್ತಿದ್ದೆ.

ಅದೇ ತೊಟ್ಟಿಯಲ್ಲಿ ಇನ್ನೊಂದು ಜಾತಿಯವೂ ಹೊತ್ತು ಕಾಯುತ್ತಿರುತ್ತವೆ ಎಂದು ತಿಳಿದದ್ದು ಓದು ಮುಗಿಸಿ ಪಾಠ ಹೇಳಲು ನಿಂತ ಮೇಲೆ. ಬ್ಯಾಕ್ಟೀರಿಯಾದ ಒಳಗೆ ಹೊಕ್ಕು, ಅಲ್ಲಿ ನೂರಾಗಿ, ಇನ್ನು ಒಡೆದು ಹೊರಬರಬಹುದೋ ಬಾರದೋ ಎಂದು ಕೂತಿರುವ ವೈರಸ್‌ಗಳು. ಅವಕ್ಕೆ ಬ್ಯಾಕ್ಟೀರಿಯೊಫೇಜ್ ಎಂದು ಹೆಸರು. ಬ್ಯಾಕ್ಟೀರಿಯಾವನ್ನು ತಿನ್ನುವಂಥದು ಎಂದು ಅರ್ಥ. ಬಳಕೆಯಲ್ಲಿ ಫೇಜ್ ಅಂದರೆ ಸಾಕು. ವೈರಸ್ ಅಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ವೈರಸ್ ಉಣ್ಣೆಯ ಮೂಲಕ ಮನುಷ್ಯರಿಗೆ ಬರುವಂಥದು. ಇವತ್ತಿನ ನಮ್ಮ ನೆಂಟರು ಹಾಗಲ್ಲ. ನಿಮ್ಮ ಒಂದು ಕೋಶವನ್ನೂ ಅವು ಹೊಕ್ಕಲಾರವು. ಭೂಮಿಯ ಮೇಲೆ ಅತಿ ಹೆಚ್ಚು ಸಂಖ್ಯೆಯಲ್ಲಿರುವ ಜೈವಿಕ ವಸ್ತು ಅವೇ. ಒಂದರ ಮುಂದೆ 31 ಸೊನ್ನೆ ಹಾಕಿದರೆ ಸಿಗುವಷ್ಟು ಎಂಬುದು ವಿಜ್ಞಾನಿಗಳ ಅಂದಾಜು.  

ಕಣ್ಣಿಗೆ ಕಾಣದ್ದನ್ನು ನಂಬಿ ಅಂದರೆ ನೀವು ನಂಬಬೇಕಾಗಿಲ್ಲ. ಕಳೆದ ಆಷಾಢದಲ್ಲಿ ನಾನು ಮಾಡಿದ್ದನ್ನು ಹೇಳುತ್ತೇನೆ. ಕೊಟ್ಟಿಗೆಯ ಹಿಂದಿನ ಗಂಜಳದ ಗುಂಡಿಯಿಂದ ಒಂದು ಲೋಟ ನೀರು ತಂದೆ. ಮನೆಯಲ್ಲಿ ಆ ಲೋಟ ಯಾವುದು ಎಂಬ ವಿಚಾರಣೆ ಇನ್ನೂ ಮುಗಿದಿಲ್ಲ. ಬಟ್ಟೆಯಲ್ಲಿ ಸೋಸಿ, ಗಸಿ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಸಿರಿಂಜಿನಲ್ಲಿ ಎಳೆದು, 0.22 ಮೈಕ್ರಾನ್ ತೂತಿನ ಫಿಲ್ಟರಿನಲ್ಲಿ ಹಾಯಿಸಿದೆ. ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಷ್ಟು ಸಣ್ಣ ತೂತಿನಲ್ಲಿ ಗುಂಡಿಯ ಬ್ಯಾಕ್ಟೀರಿಯಾ ನುಸುಳಲಾರವು. ಕೆಳಗೆ ಬಿದ್ದದ್ದು ಕನ್ನಡಿಯಂಥ ನೀರು. ಅದರ ಕೆಲವು ಹನಿಯನ್ನು, ಪ್ರಯೋಗಕ್ಕೆಂದೇ ಸಾಕುವ ನಿರಪಾಯದ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ತಳಿಯ ಜೊತೆ, ಕರಗಿಸಿ ಆರಿಸಿದ ತೆಳು ಅಗಾರಿನಲ್ಲಿ ಬೆರೆಸಿ ತಟ್ಟೆಗೆ ಎರೆದೆ. ಅಗಾರ್ ಎಂದರೆ ಕಡಲ ಪಾಚಿಯಿಂದ ಮಾಡಿದ, ನಮ್ಮ ಹಾಲುಬಾಯಿಯ ಹಾಗೆ ಆರಿದ ಮೇಲೆ ಗಟ್ಟಿಯಾಗುವ ವಸ್ತು.

ಇನ್ನು ಅದನ್ನು ಒಂದು ರಾತ್ರಿ 37 ಡಿಗ್ರಿಯಲ್ಲಿ ಇಡಬೇಕು. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಎರಡು ದಿನದಿಂದ ಕರೆಂಟಿಲ್ಲ. ತಟ್ಟೆಗಳನ್ನು ಡಬ್ಬಿಗೆ ಹಾಕಿ, ಹಳೇ ಪಂಚೆ ಸುತ್ತಿ, ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಥರ್ಮಾಮೀಟರ್ ಸಮೇತ ಇಟ್ಟೆ. ನನ್ನ ಮೇಷ್ಟ್ರು ನೋಡಿದ್ದರೆ ಕಿವಿ ಹಿಂಡುತ್ತಿದ್ದರು. ಬೆಳಿಗ್ಗೆ ತೆಗೆದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಬೆಳೆದು, ಕಿಟಕಿಯ ಗಾಜಿಗೆ ಮಂಜು ಕೂತ ಹಾಗೆ ಮಸುಕು. ಆ ಮಸುಕಿನಲ್ಲಿ ಅಲ್ಲಲ್ಲಿ ದುಂಡನೆಯ ತಿಳಿ ಬೊಟ್ಟುಗಳು. ಕೆಲವು ಸಾಸಿವೆಯಷ್ಟು, ಕೆಲವು ರಾಗಿಯಷ್ಟು. ದೀಪಕ್ಕೆ ಹಿಡಿದರೆ ಬೊಟ್ಟಿನ ಮೂಲಕ ಬೆರಳಿನ ಗೆರೆ ಕಾಣುತ್ತದೆ. ಒಂದೊಂದು ಬೊಟ್ಟೂ ಒಂದೇ ಒಂದು ಫೇಜಿನಿಂದ ಶುರುವಾದದ್ದು. ಅದು ಒಂದು ಬ್ಯಾಕ್ಟೀರಿಯಾವನ್ನು ಒಡೆದು, ಹುಟ್ಟಿದ ಮರಿಗಳು ಅಕ್ಕಪಕ್ಕದವನ್ನು ಒಡೆದು, ಹೀಗೆ ಸುತ್ತಲೂ ಬೆಳೆ ಹಾಳಾದ ಜಾಗ ಅದು. ಬಹಳಷ್ಟು ಬೊಟ್ಟುಗಳ ಅಂಚು ಕತ್ತರಿಸಿದಷ್ಟು ಹರಿತ. ಎರಡು ಮಾತ್ರ ನಡುವೆ ಮಬ್ಬಾಗಿದ್ದವು. ಆ ಮಬ್ಬು ಬೊಟ್ಟುಗಳನ್ನು ನೆನಪಿಟ್ಟುಕೊಂಡಿರಿ.

ಇದನ್ನು ಮೊದಲು ಕಂಡವರ ಕಥೆಯಲ್ಲಿ ನಮ್ಮ ದೇಶವೂ ಇದೆ. 1896ರಲ್ಲಿ ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಇಂಗ್ಲಿಷ್ ವಿಜ್ಞಾನಿ ಗಂಗೆ, ಯಮುನೆಯ ನೀರಿನಲ್ಲಿ ವಾಂತಿಭೇದಿಯ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ, ಆದರೆ ಕುದಿಸಿದ ನೀರಿಗೆ ಆ ಗುಣ ಇರುವುದಿಲ್ಲ ಎಂದು ಬರೆದ. ಅದು ಫೇಜಿನ ಕೆಲಸ ಎಂದು ಇವತ್ತು ಹಲವರು ಹೇಳುತ್ತಾರೆ, ಹ್ಯಾಂಕಿನ್ ಹೇಳಿರಲಿಲ್ಲ. 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್ ಬ್ಯಾಕ್ಟೀರಿಯಾದ ಗುಡ್ಡೆಗಳು ಗಾಜಿನಂತೆ ತಿಳಿಯಾಗಿ ಕರಗುವುದನ್ನು ಕಂಡ. 1917ರಲ್ಲಿ ಪ್ಯಾರಿಸ್ಸಿನಲ್ಲಿ ಫೆಲಿಕ್ಸ್ ದೆರೆಲ್ ಅದನ್ನೇ ಕಂಡು, ಇದು ಬ್ಯಾಕ್ಟೀರಿಯಾವನ್ನು ಬೇಟೆಯಾಡುವ ಜೀವಿ ಎಂದು ಧೈರ್ಯವಾಗಿ ಹೇಳಿ ಹೆಸರಿಟ್ಟ. ದೆರೆಲ್ 1927ರಲ್ಲಿ ವಾಂತಿಭೇದಿಗೆ ಫೇಜಿನ ಮದ್ದು ಕೊಟ್ಟು ನೋಡಲು ಇಂಡಿಯಾಕ್ಕೂ ಬಂದಿದ್ದ. ಆಮೇಲೆ ಪೆನಿಸಿಲಿನ್ ಬಂತು, ಫೇಜಿನ ಮದ್ದನ್ನು ಜಾರ್ಜಿಯಾ ಮುಂತಾದ ಕೆಲವು ದೇಶ ಬಿಟ್ಟು ಉಳಿದವರು ಮರೆತರು. ಮದ್ದಾಗಿ ಮರೆತರೂ ಒಗಟಾಗಿ ಬಿಡಲಿಲ್ಲ. ಒಳಗೆ ಹೋದದ್ದು ಒಂದು, ಹೊರಗೆ ಬಂದದ್ದು ನೂರು, ನಡುವೆ ಏನಾಯಿತು?

ನಮ್ಮ ತೋಟದ ಭಾಷೆಯಲ್ಲಿ ಕೇಳಿದರೆ ತಕ್ಷಣ ಕಾಯಿಕೊರಕದ ನೆನಪಾಗುತ್ತದೆ. ಹಣ್ಣಿನ ತುದಿಯಲ್ಲಿ ಗುಂಡುಸೂಜಿಯಷ್ಟು ತೂತು ಕೊರೆದು ತಾಯಿಹುಳ ಒಳಗೆ ಹೋಗುತ್ತದೆ, ಮೊಟ್ಟೆ ಇಡುತ್ತದೆ, ಮರಿಗಳು ಬೀಜ ತಿಂದು ದೊಡ್ಡವಾಗುತ್ತವೆ. ನಾನೂ ವಿದ್ಯಾರ್ಥಿಗಳಿಗೆ ಬಹಳ ವರ್ಷ ಇದೇ ಹೋಲಿಕೆ ಕೊಡುತ್ತಿದ್ದೆ. ಹೋಲಿಕೆ ಪೂರ್ತಿ ತಪ್ಪು. ಫೇಜು ಒಳಗೆ ಹೋಗಿ ತಿನ್ನುವುದಿಲ್ಲ, ಬೆಳೆಯುವುದಿಲ್ಲ, ಒಂದು ಎರಡಾಗಿ ಸೀಳುವುದಿಲ್ಲ. ಅಷ್ಟೇಕೆ, ಒಳಗೆ ಹೋದ ಮೇಲೆ ಫೇಜು ಅಂತ ಒಂದು ವಸ್ತುವೇ ಇರುವುದಿಲ್ಲ.

ಇದನ್ನು ತಿಳಿಯಲು ಹದಿಮೂರು ವರ್ಷ ಹಿಡಿಯಿತು. 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಮರಿ ಎಲ್ಲಿಸ್ ಮತ್ತು ಮ್ಯಾಕ್ಸ್ ಡೆಲ್ಬ್ರುಕ್, ಲಾಸ್ ಏಂಜಲೀಸಿನ ಚರಂಡಿ ನೀರಿನಿಂದ ಹಿಡಿದ ಫೇಜನ್ನು ಬ್ಯಾಕ್ಟೀರಿಯಾಕ್ಕೆ ಹಚ್ಚಿ ನಿಮಿಷ ನಿಮಿಷಕ್ಕೂ ಎಣಿಸಿದರು. ಸುಮಾರು ಅರ್ಧ ಗಂಟೆ ಲೆಕ್ಕ ಅಲ್ಲಾಡುವುದಿಲ್ಲ. ಆಮೇಲೆ ಒಮ್ಮೆಗೇ ಮೆಟ್ಟಿಲು ಹತ್ತಿದ ಹಾಗೆ ಹತ್ತಾರು ಪಟ್ಟು ಏರಿಬಿಡುತ್ತದೆ. ಒಂದೊಂದಾಗಿ ಹುಟ್ಟಿದ್ದರೆ ಏರು ಇಳಿಜಾರಿನಂತೆ ಇರಬೇಕಿತ್ತು. ಆಮೇಲೆ ಡೋರ್ಮನ್ ಎಂಬಾತ ಹೊತ್ತಿಗೆ ಮುಂಚೆಯೇ ಬ್ಯಾಕ್ಟೀರಿಯಾವನ್ನು ತಾನೇ ಒಡೆದು ಒಳಗೆ ನೋಡಿದ. ಮೊದಲ ಹತ್ತು ಹನ್ನೆರಡು ನಿಮಿಷದಲ್ಲಿ ಒಡೆದರೆ ಒಳಗೆ ಸೋಂಕು ಹಚ್ಚಬಲ್ಲ ಫೇಜು ಒಂದೂ ಇಲ್ಲ. ಒಳಗೆ ಹೋದದ್ದೂ ಕಾಣೆ. ಆ ಹೊತ್ತಿಗೆ ವಿಜ್ಞಾನಿಗಳು ಇಟ್ಟ ಹೆಸರು ಗ್ರಹಣ. ಒಳ್ಳೆಯ ಹೆಸರು.

1952ರಲ್ಲಿ ಆಲ್ಫ್ರೆಡ್ ಹರ್ಷೀ ಮತ್ತು ಮಾರ್ತಾ ಚೇಸ್ ಅಡುಗೆಮನೆಯ ಮಿಕ್ಸಿಯಂಥ ಒಂದು ಯಂತ್ರ ಇಟ್ಟುಕೊಂಡು ಉಳಿದ ಗಂಟು ಬಿಚ್ಚಿದರು. ಫೇಜಿನಲ್ಲಿ ಇರುವುದು ಎರಡೇ: ಹೊರಗೆ ಪ್ರೋಟೀನಿನ ಕವಚ, ಒಳಗೆ ಡಿಎನ್‌ಎ. ಪ್ರೋಟೀನಿಗೆ ವಿಕಿರಣ ಸೂಸುವ ಗಂಧಕದ ಗುರುತು, ಡಿಎನ್‌ಎಗೆ ಅಂಥದೇ ರಂಜಕದ ಗುರುತು ಹಾಕಿದರು. ಫೇಜು ಬ್ಯಾಕ್ಟೀರಿಯಾಕ್ಕೆ ಕಚ್ಚಿಕೊಂಡು ಕೆಲವು ನಿಮಿಷವಾದ ಮೇಲೆ ಮಿಕ್ಸಿಗೆ ಹಾಕಿ ತಿರುಗಿಸಿದರು. ಕಚ್ಚಿಕೊಂಡಿದ್ದ ಕವಚಗಳು ಕಿತ್ತುಬಂದವು. ಗಂಧಕದ ಬಹುಪಾಲು ಅವುಗಳ ಜೊತೆ ಹೊರಗೆ ಉಳಿಯಿತು. ರಂಜಕದ ಬಹುಪಾಲು ಬ್ಯಾಕ್ಟೀರಿಯಾದ ಒಳಗೆ ಹೋಗಿತ್ತು. ಕವಚ ಕಿತ್ತ ಮೇಲೂ ಬ್ಯಾಕ್ಟೀರಿಯಾ ಹೊತ್ತಿಗೆ ಸರಿಯಾಗಿ ಒಡೆದು ಫೇಜು ಹೊರಗೆ ಬಂತು. ಅಂದರೆ ಒಳಗೆ ಹೋದದ್ದು ಹುಳ ಅಲ್ಲ, ಹುಳ ಮಾಡುವ ವಿಧಾನ ಬರೆದ ಚೀಟಿ. ಡೆಲ್ಬ್ರುಕ್, ಹರ್ಷೀ ಮತ್ತು ಅವರ ಜೊತೆಗಾರ ಲೂರಿಯಾಗೆ 1969ರಲ್ಲಿ ನೊಬೆಲ್ ಬಂತು. ಮಾರ್ತಾ ಚೇಸ್ ಆ ಪಟ್ಟಿಯಲ್ಲಿ ಇಲ್ಲ.

ಆ ಚೀಟಿ ಒಳಗೆ ಹೋಗುವ ಬಗೆಯನ್ನು ಟಿ4 ಎಂಬ ಫೇಜಿನಲ್ಲಿ ನೋಡೋಣ. ಉದ್ದ ಒಂದು ಮೈಕ್ರಾನಿನ ಐದರಲ್ಲೊಂದು ಪಾಲು. ಮೇಲೆ ಹರಳಿನಂತೆ ಹಲವು ಮುಖ ಕತ್ತರಿಸಿದಂಥ ತಲೆ, ಕೆಳಗೆ ಬಾಲ, ಬಾಲದ ತುದಿಗೆ ಜೇಡನಂತೆ ಆರು ಕಾಲು. ಇಂಬಳ ಮೈಶಾಖಕ್ಕೆ ತಲೆ ಎತ್ತಿ ಹುಡುಕಿಕೊಂಡು ಬರುತ್ತದಲ್ಲ, ಇದಕ್ಕೆ ಅಷ್ಟೂ ಬರುವುದಿಲ್ಲ. ನೀರಿನ ಕಣಗಳು ದೂಡಿದ ಕಡೆ ಹೋಗುತ್ತ, ಎಂದೋ ಒಮ್ಮೆ ಇ. ಕೋಲೈಗೆ ತಗಲುತ್ತದೆ. ಕಾಲುಗಳು ಅಲ್ಲಿಯ ಮೇಲ್ಮೈಯನ್ನು ಗುರುತಿಸಿದರೆ ಮಾತ್ರ ಮುಂದಿನದು. ಬಾಲದ ತುದಿಯ ಆರು ಮೂಲೆಯ ತಟ್ಟು ನಕ್ಷತ್ರದಂತೆ ಅರಳುತ್ತದೆ, ಬಾಲದ ಹೊದಿಕೆ ಕುಗ್ಗುತ್ತದೆ, ಒಳಗಿನ ಕೊಳವೆ ಹೊರಪೊರೆಯನ್ನು ತೂರುತ್ತದೆ, ಅದರ ತುದಿಯಲ್ಲಿರುವ ಎಂಜೈಮ್ ಕೋಶದ ಗೋಡೆಯನ್ನು ಅಷ್ಟಗಲ ಕರಗಿಸುತ್ತದೆ. ಡಿಎನ್‌ಎ ಇಳಿಯುತ್ತದೆ.

ಆ ಡಿಎನ್‌ಎಯಲ್ಲಿ ಸುಮಾರು 1,69,000 ಅಕ್ಷರ ಜೋಡಿಗಳು. ನೀಟಿ ಹಿಡಿದರೆ ಉದ್ದ 57 ಮೈಕ್ರಾನ್. ತೆಂಗಿನಕಾಯಿಯಷ್ಟು ಬುರುಡೆಯಲ್ಲಿ ಸುಮಾರು ನೂರು ಮೀಟರ್ ಹಗ್ಗ ತುರುಕಿದ ಲೆಕ್ಕ. ಇಳಿದ ಕೂಡಲೇ ಬ್ಯಾಕ್ಟೀರಿಯಾದ ಯಂತ್ರಗಳೇ ಅದನ್ನು ಓದಲು ತೊಡಗುತ್ತವೆ, ತಮ್ಮದೋ ಪರರದೋ ಎಂದು ನೋಡುವ ತಾಳ್ಮೆ ಅವಕ್ಕಿಲ್ಲ. ಮೊದಲು ತಯಾರಾಗುವ ಪ್ರೋಟೀನುಗಳಲ್ಲಿ ಕತ್ತರಿಗಳಿರುತ್ತವೆ. ಅವು ಮನೆಯೊಡೆಯನ ಡಿಎನ್‌ಎಯನ್ನು ಚೂರು ಚೂರು ಮಾಡುತ್ತವೆ. ಫೇಜಿನ ಡಿಎನ್‌ಎಗೆ ಅದೇ ಕತ್ತರಿ ತಾಕುವುದಿಲ್ಲ, ಏಕೆಂದರೆ ಅದು ಸೈಟೊಸಿನ್ ಎಂಬ ಅಕ್ಷರವನ್ನು, ನಾವು ಅಕ್ಷರಕ್ಕೆ ಒತ್ತು ಕೊಟ್ಟ ಹಾಗೆ, ಬೇರೆ ರೂಪದಲ್ಲಿ ಬರೆದುಕೊಂಡಿರುತ್ತದೆ. ಒತ್ತಿಲ್ಲದ್ದೆಲ್ಲ ಕತ್ತರಿಗೆ. ಚೂರಾದದ್ದೂ ವ್ಯರ್ಥವಲ್ಲ, ಹಳೇ ಮನೆಯ ಹೆಂಚು, ತೊಲೆ ಬಿಚ್ಚಿ ಹೊಸ ಮನೆಗೆ ಏರಿಸಿದ ಹಾಗೆ ಅದೇ ಅಕ್ಷರಗಳಿಂದ ಹೊಸ ಫೇಜುಗಳ ಡಿಎನ್‌ಎ ಎದ್ದೇಳುತ್ತದೆ.

ಆಮೇಲೆ ಅಂಗಾಂಗಗಳ ತಯಾರಿ. ತಲೆ ಒಂದು ಕಡೆ, ಬಾಲ ಒಂದು ಕಡೆ, ಕಾಲು ಇನ್ನೊಂದು ಕಡೆ. ಖಾಲಿ ತಲೆಯ ಬಾಯಲ್ಲಿ ಕೂತ ಒಂದು ಪುಟ್ಟ ಮೋಟಾರು ಡಿಎನ್‌ಎಯನ್ನು ಒಳಕ್ಕೆ ಎಳೆದು ತುಂಬುತ್ತದೆ. ಭರ್ತಿಯಾದ ತಲೆಗೆ ಬಾಲ ತಾನಾಗಿ ಕೂರುತ್ತದೆ, ಕೊನೆಗೆ ಕಾಲು. 1966ರಲ್ಲಿ ಎಡ್ಗರ್ ಮತ್ತು ವುಡ್, ತಲೆ ಮಾಡಲು ಬಾರದ ಫೇಜು ಹೊಕ್ಕ ಕೋಶದ ರಸವನ್ನೂ ಬಾಲ ಮಾಡಲು ಬಾರದ್ದರ ರಸವನ್ನೂ ಒಂದು ಗಾಜಿನ ನಳಿಗೆಯಲ್ಲಿ ಬೆರೆಸಿದರು. ಜೀವಕೋಶದ ಹೊರಗೇ ಪೂರ್ಣ ಫೇಜುಗಳು ಜೋಡಣೆಯಾದವು. ನನಗೆ ಈ ಪ್ರಯೋಗದ ಮೇಲೆ ಪಕ್ಷಪಾತ ಇದೆ. ಹುಟ್ಟುವುದು, ಬೆಳೆಯುವುದು ಎಂದು ನಾವು ಬಳಸುವ ಮಾತುಗಳನ್ನು ಇಷ್ಟು ಸಲೀಸಾಗಿ ಪಕ್ಕಕ್ಕಿಟ್ಟ ಇನ್ನೊಂದು ಪ್ರಯೋಗವನ್ನು ನಾನು ಪಾಠ ಮಾಡಿಲ್ಲ.

ಹೊಕ್ಕ 25 ನಿಮಿಷದ ಸುಮಾರಿಗೆ ಒಳಗೆ ನೂರಕ್ಕೂ ಹೆಚ್ಚು ಟಿ4 ಸಿದ್ಧ. ಈಗ ಬಂತು ಕೋಲು ಚುಚ್ಚಿ ನೋಡುವ ಹೊತ್ತು. ಫೇಜುಗಳು ತಾವಾಗಿ ಗೋಡೆ ಕೊರೆದು ಹೊರಬರುವುದಿಲ್ಲ. ಗೋಡೆ ಕರಗಿಸುವ ಎಂಡೊಲೈಸಿನ್ ಎಂಬ ಎಂಜೈಮ್ ಒಳಗೆ ತಯಾರಾಗಿ ನಿಂತಿರುತ್ತದೆ, ಆದರೆ ಅದಕ್ಕೂ ಗೋಡೆಗೂ ನಡುವೆ ಒಳಪೊರೆ ಅಡ್ಡ. ಆ ಪೊರೆಯಲ್ಲಿ ಹೋಲಿನ್ ಎಂಬ ಇನ್ನೊಂದು ಪ್ರೋಟೀನು ಸದ್ದಿಲ್ಲದೆ ಜಮಾಯಿಸುತ್ತಿರುತ್ತದೆ. ಜಮಾಯಿಸುವಷ್ಟು ಹೊತ್ತು ಪೊರೆಗೆ ಏನೂ ಆಗುವುದಿಲ್ಲ, ಒಳಗಿನ ತಯಾರಿಯೂ ನಿಲ್ಲುವುದಿಲ್ಲ. ನಿಗದಿಯಾದ ಗಳಿಗೆಗೆ ಹೋಲಿನ್‌ಗಳು ಗುಂಪುಗೂಡಿ ಪೊರೆಯಲ್ಲಿ ತೂತು ಬೀಳಿಸುತ್ತವೆ. ಎಂಜೈಮ್ ನುಗ್ಗಿ ಗೋಡೆ ಕರಗಿಸುತ್ತದೆ, ಬ್ಯಾಕ್ಟೀರಿಯಾ ಒಡೆಯುತ್ತದೆ. ಲ್ಯಾಮ್ಡಾ ಎಂಬ ಫೇಜಿನಲ್ಲಿ ಒಂದೇ ಜೀನಿನಿಂದ ಎರಡು ಪ್ರೋಟೀನು ಹುಟ್ಟುತ್ತವೆ. ಪ್ರೋಟೀನು ಎಂದರೆ ಅಮೈನೊ ಆಮ್ಲಗಳೆಂಬ ಮಣಿಗಳ ಸರ. ಒಂದರಲ್ಲಿ 105 ಮಣಿ, ಇನ್ನೊಂದರಲ್ಲಿ 107. ಮೊದಲಿನದು ತೂತು ಮಾಡುವುದು, ಎರಡು ಮಣಿ ಜಾಸ್ತಿ ಇರುವುದು ಅದನ್ನು ತಡೆಯುವುದು. ಇವುಗಳ ಹಗ್ಗಜಗ್ಗಾಟವೂ ಸೇರಿ ಗಳಿಗೆ ನಿಗದಿಯಾಗುತ್ತದೆ. ಹೋಲಿನ್‌ನಲ್ಲಿ ಒಂದು ಮಣಿ ಬದಲಾದರೂ ಒಡೆಯುವ ಹೊತ್ತು ಹಿಂದೆ ಮುಂದೆ ಆಗಬಹುದು.

ಬೇಗ ಒಡೆದರೆ ಮರಿಗಳು ಕಡಿಮೆ, ಆದರೆ ಬೇಗ ಬೇರೆ ಬೇಟೆಗೆ ಹೊರಡುತ್ತವೆ. ತಡವಾದರೆ ಮರಿಗಳು ಹೆಚ್ಚು, ಆದರೆ ಅಷ್ಟರಲ್ಲಿ ಬೇರೆಯವು ಊರೆಲ್ಲ ಕೊಳ್ಳೆ ಹೊಡೆದಿರುತ್ತವೆ. ಬೇಟೆ ಧಾರಾಳವಾಗಿದ್ದರೆ ಅವಸರ ಲಾಭ. 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯಾ ಒಂದೂಕಾಲು ಗಂಟೆಯಲ್ಲಿ ಒಂದರಿಂದ ಹದಿನೈದೂ ಆಗಿರುವುದಿಲ್ಲ. 25 ನಿಮಿಷಕ್ಕೆ ನೂರಾಗುವ ಫೇಜು ಅಷ್ಟರಲ್ಲಿ ಹತ್ತು ಲಕ್ಷ. ಬೇಟೆ ಮುಗಿಯುತ್ತ ಬಂದಾಗ? ಟಿ4 ಅದಕ್ಕೂ ದಾರಿ ಇಟ್ಟುಕೊಂಡಿದೆ. ಒಂದು ಟಿ4 ಒಳಗಿರುವಾಗ ಅದೇ ಬ್ಯಾಕ್ಟೀರಿಯಾಕ್ಕೆ ಹೊರಗಿನಿಂದ ಇನ್ನೊಂದು ಬಂದು ಬಡಿದರೆ, ಒಳಗಿನದು ಒಡೆಯುವುದನ್ನು ಗಂಟೆಗಟ್ಟಲೆ ಮುಂದೂಡುತ್ತದೆ. ಹೊರಗೆ ಫೇಜು ಜಾಸ್ತಿ, ಮನೆ ಕಡಿಮೆ ಎಂದು ಬಾಗಿಲು ಬಡಿದದ್ದರಿಂದಲೇ ತಿಳಿಯಿತು. ಇದ್ದ ಮನೆಯಲ್ಲೇ ಇನ್ನಷ್ಟು ಮಾಡಿಕೊಂಡು ಹೊರಡುವುದು ಜಾಣತನ. ಮೆದುಳಿಲ್ಲ, ನರವಿಲ್ಲ, ಜೀವವಿದೆಯೇ ಎಂಬುದೇ ಚರ್ಚೆ. ಆದರೂ ಪಲ್ಪರ್ ತೊಟ್ಟಿಯ ಮುಂದೆ ಕೋಲು ಹಿಡಿದ ಅಪ್ಪಯ್ಯನ ಹಾಗೆ ಕೆಲಸ.

ಈಗ ಆ ಮಬ್ಬು ಬೊಟ್ಟುಗಳಿಗೆ ಬರೋಣ. ಎಲ್ಲ ಫೇಜುಗಳೂ ಒಳಗೆ ಹೋದ ಕೂಡಲೇ ಕತ್ತರಿ ಹಿಡಿಯುವುದಿಲ್ಲ. ಲ್ಯಾಮ್ಡಾ ತನ್ನ 48,502 ಅಕ್ಷರ ಜೋಡಿಗಳನ್ನು ಬ್ಯಾಕ್ಟೀರಿಯಾದ ಡಿಎನ್‌ಎಗೇ ಹೊಲಿದು ಸುಮ್ಮನಾಗಬಲ್ಲದು. ಬ್ಯಾಕ್ಟೀರಿಯಾ ಇಮ್ಮಡಿಯಾದಾಗಲೆಲ್ಲ ಅದೂ ಇಮ್ಮಡಿ, ಖರ್ಚಿಲ್ಲದೆ. ಒಂದು ಪ್ರೋಟೀನು ಮಾತ್ರ ಸದಾ ಎಚ್ಚರವಿದ್ದು ಉಳಿದ ಜೀನುಗಳ ಬಾಯಿ ಮುಚ್ಚಿಸಿರುತ್ತದೆ. ಅದೇ ಕಾವಲು ಹೊರಗಿನಿಂದ ಬರುವ ಬೇರೆ ಲ್ಯಾಮ್ಡಾವನ್ನೂ ತಡೆಯುತ್ತದೆ, ಹಾಗಾಗಿ ಇಂಥ ಬ್ಯಾಕ್ಟೀರಿಯಾ ಬದುಕಿ, ಬೊಟ್ಟಿನ ನಡುವೆ ಮತ್ತೆ ಬೆಳೆದು ಮಬ್ಬಾಗಿಸುತ್ತವೆ. ಇ. ಕೋಲೈ ಕೆ-12 ಎಂಬ ತಳಿಯನ್ನು ಪ್ರಯೋಗಾಲಯಗಳು 1922ರಿಂದ ಸಾಕುತ್ತಿದ್ದವು. ಅದರೊಳಗೆ ಲ್ಯಾಮ್ಡಾ ಮಲಗಿದೆ ಎಂದು ಎಸ್ತರ್ ಲೆಡರ್‌ಬರ್ಗ್ ಪ್ರಕಟಿಸಿದ್ದು 1951ರಲ್ಲಿ. ಸುಮಾರು ಮೂವತ್ತು ವರ್ಷ ಯಾರಿಗೂ ಸುಳಿವಿಲ್ಲ.

ಕಾಫಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೆಬ್ರವರಿ ಮಾರ್ಚಿನಲ್ಲಿ ರೆಕ್ಕೆಯ ಗಿಣ್ಣು ಗಿಣ್ಣಿನಲ್ಲೂ ಮೊಗ್ಗು ಕೂತಿರುತ್ತದೆ, ಹಸಿರಾಗಿ, ಸುಮ್ಮನೆ. ವಾರಗಟ್ಟಲೆ ಅಷ್ಟೇ ಇರುತ್ತದೆ. ಒಂದು ಇಂಚು ಹೂಮಳೆ ಬಿದ್ದರೆ ಎಂಟು ಒಂಬತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ. ಮಲಗಿದ ಫೇಜಿಗೂ ಹೂಮಳೆ ಉಂಟು. 1950ರ ಸುಮಾರಿಗೆ ಪ್ಯಾರಿಸ್ಸಿನ ಆಂದ್ರೆ ಲ್ವಾಫ್ ಮತ್ತು ಜೊತೆಗಾರರು ಅಂಥ ಬ್ಯಾಕ್ಟೀರಿಯಾದ ಮೇಲೆ ಅತಿನೇರಳೆ ಬೆಳಕು ಬಿಟ್ಟಾಗ ಅವೆಲ್ಲ ಸ್ವಲ್ಪ ಹೊತ್ತಿಗೆ ಒಟ್ಟಿಗೇ ಒಡೆದವು. ಬೆಳಕಿಗೆ ಬ್ಯಾಕ್ಟೀರಿಯಾದ ಡಿಎನ್‌ಎ ಗಾಯಗೊಳ್ಳುತ್ತದೆ, ಗಾಯದ ಕೂಗಿಗೆ ಏಳುವ ಪ್ರೋಟೀನು ಕಾವಲಿನವನನ್ನೂ ಮುರಿಯುವಂತೆ ಮಾಡುತ್ತದೆ, ಬಾಯಿ ಮುಚ್ಚಿದ್ದ ಜೀನುಗಳು ಎದ್ದು ಕೂರುತ್ತವೆ. ಮನೆ ಬೀಳುವ ಹಾಗಿದೆ ಎಂದು ಗೊತ್ತಾದರೆ ಬಾಡಿಗೆದಾರ ಗಂಟುಮೂಟೆ ಕಟ್ಟುತ್ತಾನೆ. ಇಲ್ಲಿ ಮನೆಯನ್ನು ತಾನೇ ಬೀಳಿಸಿ ಹೊರಡುತ್ತಾನೆ. 2017ರಲ್ಲಿ ಇಸ್ರೇಲಿನ ರೋಟೆಮ್ ಸೋರೆಕ್ ತಂಡ ಮಣ್ಣಿನ ಬ್ಯಾಸಿಲಸ್ ಬ್ಯಾಕ್ಟೀರಿಯಾದ ಫೇಜುಗಳಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಸೋಂಕು ತಗಲಿದಾಗಲೆಲ್ಲ ಆರು ಮಣಿಯ ಒಂದು ಪುಟ್ಟ ಸರ ಹೊರಗೆ ಬೀಳುತ್ತದೆ. ಸುತ್ತ ಆ ಸರ ಜಾಸ್ತಿಯಾದರೆ, ಆಮೇಲೆ ಬಂದ ಫೇಜು ಒಡೆಯುವ ಬದಲು ಮಲಗುತ್ತದೆ. ಹಿಂದಿನವರು ಬಿಟ್ಟುಹೋದ ಚೀಟಿ ಓದಿದ ಹಾಗೆ.

ಮಲಗಿದ್ದು ಎಂದರೆ ನಿರಪಾಯ ಎಂದಲ್ಲ. ವಾಂತಿಭೇದಿಯ ವಿಷದ ಜೀನು ಬ್ಯಾಕ್ಟೀರಿಯಾದ್ದಲ್ಲ, ಅದರೊಳಗೆ ಸೇರಿಕೊಂಡ ದಾರದಂಥ ಒಂದು ಫೇಜಿನದು ಎಂದು 1996ರಲ್ಲಿ ತಿಳಿಯಿತು. ಆ ಫೇಜು ಒಡೆಯುವುದೂ ಇಲ್ಲ. ಬ್ಯಾಕ್ಟೀರಿಯಾ ಬದುಕಿರುವಾಗಲೇ ನೂಲಿನಂತೆ ಹೊರಗೆ ಜಾರಿಕೊಳ್ಳುತ್ತದೆ. ಹ್ಯಾಂಕಿನ್ ಕಂಡ ನೀರಿನಲ್ಲಿ ಕೊಲ್ಲುವ ಫೇಜೂ ಇದ್ದಿರಬಹುದು, ಸಾಯಿಸುವ ರೋಗವನ್ನೇ ತಂದುಕೊಟ್ಟ ಫೇಜೂ ಇದ್ದಿರಬಹುದು.

ಈ ಕಥೆಯಲ್ಲಿ ನಮ್ಮ ರಾಜ್ಯದವರ ಪಾಲು ಏನು ಎಂದು ಹಿಂದಿನ ಬೆಂಚಿನಲ್ಲಿ ಕೂತ ಕಾಲೇಜಿನ ಮಕ್ಕಳು ಕೇಳಿಯೇ ಕೇಳುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಸುಂದರರಾಜ್ ಮತ್ತು ಟಿ. ರಾಮಕೃಷ್ಣನ್ 1970ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದದ್ದು ಐ3 ಎಂಬ ಫೇಜಿನ ಬಗ್ಗೆ. ಅದು ಕ್ಷಯದ ಬ್ಯಾಕ್ಟೀರಿಯಾದ ಸಾಧು ನೆಂಟ ಸ್ಮೆಗ್ಮಾಟಿಸ್ ಎಂಬುದರಲ್ಲಿ ಬೆಳೆಯುವ ಫೇಜು. ತಲೆ ತುಂಬುವಾಗ ಕೆಲವೊಮ್ಮೆ ತಪ್ಪಿ, ತನ್ನ ಡಿಎನ್‌ಎ ಬದಲು ಮನೆಯೊಡೆಯನ ಡಿಎನ್‌ಎ ತುಂಡನ್ನೇ ತುಂಬಿಕೊಂಡು ಹೊರಡುತ್ತದೆ. ಮುಂದಿನ ಮನೆಗೆ ಹಿಂದಿನ ಮನೆಯ ಗುಣ ತಲುಪಿಸುತ್ತದೆ. ಆಮೇಲೆ ಕೆ.ಪಿ. ಗೋಪಿನಾಥನ್ ಅಲ್ಲೇ ಅದರ ಬೆನ್ನು ಹತ್ತಿದರು. ವಿ. ನಾಗರಾಜ ಅವರ ಪ್ರಯೋಗಾಲಯ ಮ್ಯೂ ಎಂಬ ಫೇಜು ತನ್ನ ಡಿಎನ್‌ಎಯ ಅಕ್ಷರಗಳಿಗೆ ಗುರುತು ಹಚ್ಚಿಕೊಂಡು ಬ್ಯಾಕ್ಟೀರಿಯಾದ ಕತ್ತರಿಗಳಿಂದ ಪಾರಾಗುವ ಬಗೆಯನ್ನು ವರ್ಷಗಟ್ಟಲೆ ಬಿಡಿಸಿತು. ಬ್ಯಾಕ್ಟೀರಿಯಾಕ್ಕೂ ಕತ್ತರಿ ಉಂಟು, ನೆನಪೂ ಉಂಟು. ಮೊಸರಿನ ಕಾರ್ಖಾನೆಗಳಲ್ಲಿ ಫೇಜು ಹೊಕ್ಕರೆ ಹೆಪ್ಪೇ ಸಾಯುತ್ತದೆ. ಬದುಕಿದ ಹೆಪ್ಪಿನ ಬ್ಯಾಕ್ಟೀರಿಯಾ ಆ ಫೇಜಿನ ಡಿಎನ್‌ಎ ಚೂರನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುತ್ತದೆ ಎಂದು 2007ರಲ್ಲಿ ತೋರಿಸಿದರು. ಕ್ರಿಸ್ಪರ್ ಎಂದು ನೀವು ಕೇಳಿರುವುದು ಅದೇ. ಆದರೆ ಮಳೆಗಾಲದಲ್ಲಿ ಮನೆಯ ಮೊಸರು ಹೆಪ್ಪಾಗದಿದ್ದರೆ ಫೇಜನ್ನು ಬೈಯಬೇಡಿ, ಅದು ಚಳಿ. ಪಾತ್ರೆಯನ್ನು ಒಲೆಯ ಹತ್ತಿರ ಇಡಿ.

ನನಗೆ ಹೆಚ್ಚು ಇಷ್ಟವಾದ ಬೆಂಗಳೂರಿನ ಕೆಲಸ ಇನ್ನೊಂದು. 2000ದಲ್ಲಿ ಜೆ. ರಾಮಚಂದ್ರನ್ ಅಲ್ಲಿ ಗಂಗಾಜೆನ್ ಎಂಬ ಕಂಪನಿ ಶುರು ಮಾಡಿದರು. ಹೆಸರಿನಲ್ಲೇ ಗಂಗೆ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಕ್ಕೆ ಫೇಜಿನಿಂದ ಮದ್ದು ಹುಡುಕುವುದು ಉದ್ದೇಶ. ಅಲ್ಲೊಂದು ತೊಡಕು. ರೋಗಿಯ ಮೈಯೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಒಮ್ಮೆಗೇ ಒಡೆದರೆ ಅವುಗಳ ಹೊಟ್ಟೆಯ ವಿಷ, ಗೋಡೆಯ ಚೂರು ಎಲ್ಲ ರಕ್ತಕ್ಕೆ ಸೇರಿ ರೋಗಿಗೇ ಅಪಾಯ. ಅದಕ್ಕೆ ಅವರು ಕೇಳಿಕೊಂಡ ಪ್ರಶ್ನೆ: ಒಡೆಯದೆ ಕೊಲ್ಲುವ ಫೇಜು ಮಾಡಬಹುದೇ? ಚರ್ಮ, ಮೂಗಿನಲ್ಲಿ ವಾಸಿಸುವ ಸ್ಟ್ಯಾಫಿಲೊಕಾಕಸ್‌ನ ಪಿ954 ಎಂಬ ಫೇಜಿನಲ್ಲಿ ಎಂಡೊಲೈಸಿನ್ ಜೀನನ್ನು ಕೆಡಿಸಿದರು. ಫೇಜು ಒಳಗೆ ಹೋಗುತ್ತದೆ, ಮರಿಗಳಾಗುತ್ತವೆ, ಬ್ಯಾಕ್ಟೀರಿಯಾ ಸಾಯುತ್ತದೆ, ಗೋಡೆ ಮಾತ್ರ ನಿಂತೇ ಇರುತ್ತದೆ. 2011ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಮದ್ದಿಗೆ ಬಗ್ಗದ ಸ್ಟ್ಯಾಫ್ ಸೋಂಕಿನಿಂದ ಸಾಯಬೇಕಿದ್ದ ಇಲಿಗಳನ್ನು ಈ ಫೇಜು ಉಳಿಸಿತು.

ತಮಾಷೆ ಇರುವುದು ಇದರ ತಯಾರಿಯಲ್ಲಿ. ಒಡೆಯದ ಫೇಜನ್ನು ಬೇಕಾದಷ್ಟು ಬೆಳೆಸುವುದು ಹೇಗೆ? ಮರಿಗಳೆಲ್ಲ ಒಳಗೇ ಕೂಡಿಬಿದ್ದಿರುತ್ತವಲ್ಲ. ಅದಕ್ಕೆ, ಬೇರೊಂದು ಫೇಜಿನ ಎಂಡೊಲೈಸಿನ್ ಜೀನು ಹೊತ್ತ ಬ್ಯಾಕ್ಟೀರಿಯಾವನ್ನು ಬೇರೆಯಾಗಿ ತಯಾರಿಸಿ, ಪ್ರಯೋಗಾಲಯದಲ್ಲಿ ಮಾತ್ರ ಆ ಮನೆಯಲ್ಲಿ ಸಾಕಿದರು. ಅಲ್ಲಿ ಬಾಗಿಲು ಮನೆಯೊಡೆಯನದು. ರೋಗಿಯ ಮೈಯಲ್ಲಿ ಬಾಗಿಲೇ ಇಲ್ಲ. ಅವರದೇ ಇನ್ನೊಂದು ಮದ್ದು ಪಿ128. ಅದರಲ್ಲಿ ಫೇಜನ್ನೇ ಕೈಬಿಟ್ಟರು. ಕೆ ಎಂಬ ಫೇಜಿನ ಬಾಲದ ತುದಿಯಲ್ಲಿ ಗೋಡೆ ಕೊರೆಯುವ ಎಂಜೈಮಿನ ಭಾಗವನ್ನು ಮಾತ್ರ ತೆಗೆದು, ಸ್ಟ್ಯಾಫ್‌ಗೆ ಅಂಟುವ ಇನ್ನೊಂದು ಪ್ರೋಟೀನಿನ ತುಂಡಿಗೆ ಜೋಡಿಸಿದರು. ಬರ್ಮಾ ತೆಗೆದಿಟ್ಟುಕೊಂಡು ಬಡಗಿಯನ್ನು ಮನೆಗೆ ಕಳಿಸಿದ ಹಾಗೆ. ಇವೆಲ್ಲ ಇನ್ನೂ ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಸರಕಲ್ಲ.

ಕೊನೆಯದಾಗಿ ಶುಂಠಿ. ನಮ್ಮ ಕಡೆ ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕಿ, ದುಂಡಾಣು ಸೊರಗು ರೋಗಕ್ಕೆ ಕೈ ಸುಟ್ಟುಕೊಂಡವರು ಈ ಸಭೆಯಲ್ಲೂ ಇದ್ದೀರಿ. ರೋಗ ತರುವುದು ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ. ಅದಕ್ಕೂ ಫೇಜು ಉಂಟು. ಜಪಾನಿನಲ್ಲಿ ಯಮಾಡ ಅವರ ತಂಡ ಟೊಮೆಟೊ ಸಸಿಗಳ ಮೇಲೆ ಮೂರು ಫೇಜುಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿತು. ಬೇಗ ಬೇಗ ಒಡೆದು ಹಾಕುವ ಫೇಜುಗಳು ಮೊದಲಲ್ಲಿ ಮಿಂಚಿದವು. ಆದರೆ ಅವಕ್ಕೆ ಬಗ್ಗದ ಬ್ಯಾಕ್ಟೀರಿಯಾ ಕೆಲವೇ ಹೊತ್ತಿನಲ್ಲಿ ತಲೆಯೆತ್ತಿದವು. ಸಸಿಗಳನ್ನು ಕಾದದ್ದು ಆರ್‌ಎಸ್‌ಎಲ್1 ಎಂಬ ನಿಧಾನಿ. ಬ್ಯಾಕ್ಟೀರಿಯಾದ ಜೊತೆ ಏಗುತ್ತಲೇ ಮಣ್ಣಿನಲ್ಲಿ ಉಳಿದುಕೊಂಡದ್ದು. ಟೊಮೆಟೊಗೆ ಆದದ್ದು ಶುಂಠಿಗೆ ಹಾಗೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಾಳೆ ಯಾರಾದರೂ ಫೇಜು ಎಂದು ಬಾಟಲಿ ಹಿಡಿದು ನಿಮ್ಮ ಗದ್ದೆಯ ಬದುವಿಗೆ ಬಂದರೆ, ಎಷ್ಟು ಬೇಗ ಕೊಲ್ಲುತ್ತದೆ ಎಂದು ಕೇಳುವ ಬದಲು, ನನ್ನ ಗದ್ದೆಯ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷೆ ಮಾಡಿದ್ದೀಯಾ, ಎಷ್ಟು ದಿನ ಮಣ್ಣಿನಲ್ಲಿ ನಿಲ್ಲುತ್ತದೆ ಎಂದು ಕೇಳಿ.

ಬಚ್ಚಲೊಲೆಯ ಅಟ್ಟದ ತಟ್ಟೆಗಳು ಆಗಲೇ ಬೂದಿಯಾದವು, ಕುಕ್ಕರಿನಲ್ಲಿ ಬೇಯಿಸಿ ಸುಟ್ಟೆ. ನಿನ್ನೆ ರಾತ್ರಿ ಹೊಸದೊಂದು ಮಾಡಿ ತಂದಿದ್ದೇನೆ, ಈ ಸಲ ಕರೆಂಟಿತ್ತು. ಬಾಗಿಲ ಹತ್ತಿರದ ಮೇಜಿನ ಮೇಲೆ, ಕರಿ ಕಾಗದದ ಮೇಲಿಟ್ಟಿದ್ದೇನೆ. ಬೆಳಿಗ್ಗೆ ಎಣಿಸಿದಾಗ 43 ಬೊಟ್ಟು, ಅದರಲ್ಲಿ ಮೂರು ಮಬ್ಬು. ಕಾಫಿ ಕುಡಿಯಲು ಹೋಗುವಾಗ ಎಲ್ಲರೂ ಬಗ್ಗಿ ನೋಡಿ. ಮುಚ್ಚಳಕ್ಕೆ ಟೇಪ್ ಸುತ್ತಿದೆ, ಯಾರೂ ಬಿಚ್ಚಬೇಡಿ.